ಗುರುವಾರ ರಾತ್ರಿ ಹನ್ನೆರಡೂ ಇಪ್ಪತ್ತೈದು

ಅದು 2023ರ ಜುಲೈ. ಸಾಗರದ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿದ್ದ ನನ್ನ ಟಿಕೆಟ್ ಬುಕಿಂಗ್ ಅಂಗಡಿಗೆ ಆಗ ಇಪ್ಪತ್ತೆಂಟು ವರ್ಷ. ಶುರುವಿನಲ್ಲಿ ಬಸ್ಸು, ರೈಲು, ಆಮೇಲಾಮೇಲೆ ವಿಮಾನ. ನಾನು ವಿಮಾನ ಹತ್ತಿದ್ದು ಜೀವಮಾನದಲ್ಲಿ ಎರಡೇ ಸಲ, ಅದರಲ್ಲೂ ಒಂದು ಸಲ ಕಿಟಕಿ ಪಕ್ಕ ಸೀಟು ಸಿಗಲಿಲ್ಲ. ಆದರೆ ಯಾವ ಊರಿಂದ ಯಾವ ಊರಿಗೆ ಎಷ್ಟು ಕಿಲೋಮೀಟರ್, ಎಷ್ಟು ಗಂಟೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಈ ವಿಷಯದಲ್ಲಿ ನನಗೆ ಜಂಬವೇ ಇತ್ತು.

ನಮ್ಮ ಕಸುಬಿನಲ್ಲಿ ದೂರದ ಲೆಕ್ಕ ಸುಲಭ. ಬೆಂಗಳೂರಿನಿಂದ ಆಸ್ಟ್ರೇಲಿಯಾದ ಮೆಲ್ಬರ್ನಿಗೆ ನೇರ ಗೆರೆ ಎಳೆದರೆ ಸುಮಾರು ಒಂಬತ್ತು ಸಾವಿರ ಕಿಲೋಮೀಟರ್. ಅದು ಯಾರು ಕೇಳಿದರೂ ಅಷ್ಟೇ. ಸಮಯದ ಲೆಕ್ಕ ಹಾಗಲ್ಲ. ವಿಮಾನ ಆಕಾಶದಲ್ಲಿರುವ ಹೊತ್ತು ಒಂದು. ನಡುವೆ ಇನ್ನೊಂದು ವಿಮಾನಕ್ಕೆ ಕಾಯುವ ಹೊತ್ತು, ಅಂದರೆ ಲೇಓವರ್, ಇನ್ನೊಂದು. ಎರಡೂ ಊರಿನ ಗಡಿಯಾರಗಳ ವ್ಯತ್ಯಾಸ ಮತ್ತೊಂದು. ಟಿಕೆಟ್ಟಿನಲ್ಲಿ ಹೊರಡುವ ಗಂಟೆ ಹೊರಡುವ ಊರಿನದು, ತಲುಪುವ ಗಂಟೆ ತಲುಪುವ ಊರಿನದು. ಒಂದರಿಂದ ಒಂದು ಕಳೆದು ಪ್ರಯಾಣ ಎಷ್ಟು ಗಂಟೆ ಎಂದು ಹೇಳಹೊರಟವರೆಲ್ಲ ನನ್ನ ಮುಂದೆ ತಪ್ಪಿದ್ದಾರೆ.

ಬೆಂಗಳೂರಿಗೆ ಮುಟ್ಟುವುದೂ ನಮ್ಮಲ್ಲಿ ಒಂದು ಸಾಹಸವೇ. ಬ್ಯಾಕೋಡಿನವರೊಬ್ಬರು ಒಮ್ಮೆ ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟಿಸುವ ಕೊನೆಯ ಲಾಂಚ್ ತಪ್ಪಿಸಿಕೊಂಡು ದುಬೈ ವಿಮಾನವನ್ನೇ ಕಳೆದುಕೊಂಡರು. ಆವತ್ತಿನಿಂದ ನಾನು ಚೀಟಿ ಬರೆದುಕೊಡಲು ಶುರು ಮಾಡಿದೆ. ಟಿಕೆಟ್ ಇಂಗ್ಲಿಷಿನಲ್ಲಿ ಏನಾದರೂ ಇರಲಿ, ನನ್ನ ಚೀಟಿ ಕನ್ನಡದಲ್ಲಿ: ಯಾವ ವಾರ ಮನೆ ಬಿಡುವುದು, ಎಷ್ಟು ಹೊತ್ತಿನ ಲಾಂಚ್, ಎಲ್ಲಿ ಊಟ, ಏರ್‌ಪೋರ್ಟಿನಲ್ಲಿ ಮೊದಲು ಯಾವ ಸಾಲು.

ಮಧ್ಯರಾತ್ರಿ ಕಳೆದು ಹೊರಡುವ ವಿಮಾನಗಳಿಗಂತೂ ಚೀಟಿ ಇಲ್ಲದೆ ನಡೆಯುತ್ತಿರಲಿಲ್ಲ. ಕಂಪ್ಯೂಟರಿಗೆ ದಿನ ಬದಲಾಗುವುದು ರಾತ್ರಿ ಹನ್ನೆರಡಕ್ಕೆ. ನಮ್ಮ ಕಡೆ ಪಂಚಾಂಗ ನೋಡಿ ಬೆಳೆದವರಿಗೆ ಸೂರ್ಯ ಹುಟ್ಟುವತನಕ ಹಿಂದಿನ ದಿನವೇ. ಟಿಕೆಟ್ಟಿನಲ್ಲಿ ಗುರುವಾರ 00:25 ಎಂದಿದ್ದರೆ ಅದು ನಮ್ಮ ಬಾಯಲ್ಲಿ ಬುಧವಾರ ರಾತ್ರಿ. ಆದರೆ ಟಿಕೆಟ್ ಓದಿದವರು ಅದನ್ನು ಗುರುವಾರ ರಾತ್ರಿ ಎಂದುಕೊಳ್ಳುತ್ತಾರೆ, ಒಂದು ಇಡೀ ದಿನ ತಪ್ಪಿ ಬರುತ್ತಾರೆ. ಅದಕ್ಕೇ ಚೀಟಿಯಲ್ಲಿ ‘ಬುಧವಾರ ಬೆಳಿಗ್ಗೆ ಮನೆ ಬಿಡುವುದು’ ಎಂದು ಕೆಂಪು ಶಾಯಿಯಲ್ಲಿ ಬರೆದು ಅಡಿಗೆರೆ ಎಳೆಯುತ್ತಿದ್ದೆ. ಚೀಟಿ ಹಿಡಿದು ಹೋದವರಲ್ಲಿ ಒಬ್ಬರಿಗೂ ವಿಮಾನ ತಪ್ಪಿರಲಿಲ್ಲ.

ಆ ಜುಲೈನ ಒಂದು ಮಂಗಳವಾರ ಬೆಳಿಗ್ಗೆ ವಾರಿಜಾ ಟೀಚರ್ ಅಂಗಡಿಯ ಮೆಟ್ಟಿಲು ಹತ್ತಿ ಬಂದರು.

ಹೊಸನಗರ ತಾಲ್ಲೂಕಿನ ಪ್ರೈಮರಿ ಶಾಲೆಯಲ್ಲಿ ನನಗೆ ಮೂರನೇ ಕ್ಲಾಸಿಗೆ ಪಾಠ ಮಾಡಿದವರು ಅವರು. ಆಗ ಅವರಿಗೆ ಇಪ್ಪತ್ಮೂರು ವರ್ಷ. ತಾಯಿ ತೀರಿಹೋಗಿ, ಮೂರು ವರ್ಷದ ತಮ್ಮ ಸುಬ್ಬುವನ್ನು ಅವರೇ ಸಾಕುತ್ತಿದ್ದರು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಅವನನ್ನೂ ಶಾಲೆಗೆ ಕರೆತರುತ್ತಿದ್ದರು. ಲೆಕ್ಕ ಮೊದಲು ಮುಗಿಸಿದವರಿಗೆ ಸುಬ್ಬುವನ್ನು ಎತ್ತಿಕೊಳ್ಳುವ ಬಹುಮಾನ. ನಾನು ಲೆಕ್ಕದಲ್ಲಿ ಚುರುಕಾದದ್ದೇ ಆ ಆಸೆಗೆ.

ಗಡಿಯಾರ ನೋಡುವುದನ್ನು ಕಲಿಸಿದವರೂ ಅವರೇ. ರಟ್ಟಿನ ಗಡಿಯಾರ, ಅದಕ್ಕೆ ಹಿಡಿಕಡ್ಡಿಯ ಎರಡು ಮುಳ್ಳು. ‘ಪುಸ್ತಕದಲ್ಲಿ ದಿನ ಮಧ್ಯರಾತ್ರಿಗೆ ಶುರು ಅಂತ ಇದೆ, ಪರೀಕ್ಷೆಲಿ ಹಾಗೇ ಬರೀರಿ. ಆದ್ರೆ ದಿನ ಅಂದ್ರೆ ಸೂರ್ಯ ಹುಟ್ಟಿದಲ್ಲಿಂದ ಮತ್ತೆ ಸೂರ್ಯ ಹುಟ್ಟೋತನಕ. ಗೊತ್ತಾಯ್ತಾ?’ ಎಂದು ಅವರು ಕೇಳಿದರೆ ಇಡೀ ಕ್ಲಾಸು ಒಂದೇ ರಾಗದಲ್ಲಿ ‘ಹೌದು ಟೀಚರ್’ ಎನ್ನುತ್ತಿತ್ತು. ಗೊತ್ತಾದವರೂ ಹೌದು, ಗೊತ್ತಾಗದವರೂ ಹೌದು.

ಸುಬ್ಬುವಿಗಾಗಿ ಟೀಚರ್ ಮದುವೆಯಾಗಲಿಲ್ಲ. ಅವನು ದೊಡ್ಡವನಾಗಿ, ಮದುವೆ ಅಡುಗೆಗಳಲ್ಲಿ ಪಳಗಿ, ಮೆಲ್ಬರ್ನಿನ ಒಂದು ದೇವಸ್ಥಾನದ ಅಡುಗೆಮನೆ ಸೇರಿಕೊಂಡ. ಅವನೂ ಒಬ್ಬಂಟಿಯೇ. ನಿವೃತ್ತಿಯ ಮೇಲೆ ಟೀಚರ್ ತೀರ್ಥಹಳ್ಳಿ ಕಡೆಯ ಅರಳಸುರಳಿಗೆ, ತಮ್ಮ ಹುಟ್ಟೂರಿಗೆ, ಹೋಗಿ ಸುತ್ತಲ ಮಕ್ಕಳಿಗೆ ಬಿಟ್ಟಿ ಪಾಠ ಹೇಳಿಕೊಂಡಿದ್ದರು. ಹಿಂದಿನ ವರ್ಷವಷ್ಟೇ ಸುಬ್ಬು ಹಟ ಹಿಡಿದು ಅಕ್ಕನಿಗೆ ಪಾಸ್‌ಪೋರ್ಟ್ ಮಾಡಿಸಿ, ವೀಸಾ ತೆಗೆಸಿದ್ದ. ಅದರ ಅರ್ಜಿ ತುಂಬಿದವಳೂ ನಾನೇ. ‘ಯಾವಾಗ ಬತ್ತೀಯ?’ ಎಂದು ಅವನು ಫೋನು ಮಾಡಿದಾಗೆಲ್ಲ ಟೀಚರ್ ‘ಮಕ್ಕಳ ಪರೀಕ್ಷೆ ಮುಗೀಲಿ’ ಎನ್ನುತ್ತಿದ್ದರಂತೆ. ಪರೀಕ್ಷೆಗಳೇನು ಮುಗಿಯುವಂಥವೇ?

ಆ ಮಂಗಳವಾರ ಅವರು ಬಂದು ಕುರ್ಚಿಯಲ್ಲಿ ಕೂರಲಿಲ್ಲ. ಕೌಂಟರ್ ಹಿಡಿದು ನಿಂತೇ ಹೇಳಿದರು.

‘ಗಿರಿಜಾ, ಸುಬ್ಬುಗೆ ಹಾರ್ಟ್ ಅಟ್ಯಾಕ್ ಆಗಿದೆ. ನಿನ್ನೆ. ಮಿಷನ್ ಮೇಲೆ ಇಟ್ಟಿದಾರಂತೆ. ಪ್ರಜ್ಞೆ ಇದೆ, ಆದ್ರೆ ಎರಡು ಮೂರು ದಿನ ಅಂತ ಡಾಕ್ಟ್ರು ಹೇಳಿದಾರಂತೆ. ನಾನು ಹೋಗ್ಬೇಕು.’

ಸುಬ್ಬುವಿನ ಜೊತೆ ಅಡುಗೆಮನೆಯಲ್ಲಿ ಕೆಲಸ ಮಾಡುವ, ಕುಂದಾಪುರ ಕಡೆಯ ರಾಘವ ಎಂಬವರು ಫೋನು ಮಾಡಿ ತಿಳಿಸಿದ್ದರು. ನಾನು ಅವರ ನಂಬರ್ ತೆಗೆದುಕೊಂಡು ಕಂಪ್ಯೂಟರಿಗೆ ಕೂತೆ. ಎಪ್ಪತ್ತು ವರ್ಷದ, ಒಮ್ಮೆಯೂ ವಿಮಾನ ಹತ್ತದ ಹೆಂಗಸನ್ನು ಎರಡು ಮೂರು ಕಡೆ ಇಳಿಸಿ ಹತ್ತಿಸುವುದು ಆಗದ ಮಾತು. ಕೊನೆಗೆ ಒಂದು ಒಳ್ಳೆಯ ದಾರಿ ಸಿಕ್ಕಿತು. ಬೆಂಗಳೂರಿನಿಂದ ಗುರುವಾರ 00:25ಕ್ಕೆ ಹೊರಟು ಸಿಂಗಾಪುರ, ನಾಲ್ಕೂವರೆ ಗಂಟೆ. ಅಲ್ಲಿ ಎರಡೂಕಾಲು ಗಂಟೆ ಲೇಓವರ್, ವೀಲ್‌ಚೇರಿನಲ್ಲಿ ಕರೆದೊಯ್ಯುತ್ತಾರೆ. ಅಲ್ಲಿಂದ ಏಳೂವರೆ ಗಂಟೆ ಹಾರಿ, ಗುರುವಾರ ಸಂಜೆ ಅಲ್ಲಿಯ 7:10ಕ್ಕೆ ಮೆಲ್ಬರ್ನ್. ಒಟ್ಟು ಹದಿನಾಲ್ಕೂಕಾಲು ಗಂಟೆ. ಬುಧವಾರ ಬೆಳಿಗ್ಗೆ ಮನೆ ಬಿಟ್ಟರೆ ಗುರುವಾರ ಸಂಜೆ ತಮ್ಮನ ಕೈ ಹಿಡಿಯಬಹುದು.

ಟಿಕೆಟ್ ಪ್ರಿಂಟ್ ಕೊಟ್ಟು, ರೂಢಿಯಂತೆ ಚೀಟಿಯ ಪ್ಯಾಡನ್ನೂ ಕೆಂಪು ಪೆನ್ನನ್ನೂ ಎಳೆದುಕೊಂಡೆ. ಟೀಚರ್ ಅದನ್ನು ನೋಡಿದರು. ಅಷ್ಟು ಸಂಕಟದಲ್ಲೂ ಅವರ ಮುಖದಲ್ಲಿ ಒಂದು ಸಣ್ಣ ನಗು ಬಂತು.

‘ನಂಗೂ ಚೀಟಿಯೇನೇ? ನಿಂಗೆ ಓದು ಕಲಿಸಿದ್ದು ಯಾರು?’

ನನಗೆ ನಾಚಿಕೆಯಾಯಿತು. ಗುರುವಿಗೇ ತಿರುಮಂತ್ರ ಹಾಕಲು ಹೊರಟಿದ್ದೆನಲ್ಲ ಎಂದುಕೊಂಡು ಪ್ಯಾಡನ್ನು ಡ್ರಾಯರಿನೊಳಗೆ ಇಟ್ಟೆ. ಟೀಚರ್ ಕನ್ನಡಕ ಏರಿಸಿಕೊಂಡು ಟಿಕೆಟ್ಟನ್ನು ಪಾಠ ಓದುವಂತೆ ಬೆರಳಿಟ್ಟು ಓದಿದರು.

‘ಗುರುವಾರ. ಸೊನ್ನೆ ಸೊನ್ನೆ ಇಪ್ಪತ್ತೈದು. ಅಂದ್ರೆ ಗುರುವಾರ ರಾತ್ರಿ ಹನ್ನೆರಡೂ ಇಪ್ಪತ್ತೈದು.’

ನಾನು ಹೇಳಿದೆ: ‘ಹೌದು ಟೀಚರ್.’

ಆ ಮಾತು ನನ್ನ ಕಿವಿಗೆ ಸರಿಯಾಗಿಯೇ ಬಿದ್ದಿತ್ತು. ಬಿದ್ದಾಗ ಏನೋ ಒಂದು ಚುಚ್ಚಿತು ಕೂಡ. ಬೇರೆ ಯಾರೇ ಆಗಿದ್ದರೂ ‘ಅಲ್ಲ ಮಾರಾಯ್ರೇ, ಬುಧವಾರ ರಾತ್ರಿ ಅದು, ನಾಳೆ ಬೆಳಿಗ್ಗೆನೇ ಹೊರಡಿ’ ಎಂದು ಮೂರು ಸಲ ಹೇಳಿ, ಅವರ ಬಾಯಲ್ಲೂ ಹೇಳಿಸಿ ಕಳಿಸುತ್ತಿದ್ದೆ. ಆದರೆ ಎದುರಿಗಿದ್ದವರು ವಾರಿಜಾ ಟೀಚರ್. ಅವರು ಓದಿ, ತಲೆಯೆತ್ತಿ, ಕನ್ನಡಕದ ಮೇಲಿಂದ ನೋಡಿದ್ದರು. ಆ ನೋಟಕ್ಕೆ ನನಗೆ ಗೊತ್ತಿದ್ದ ಉತ್ತರ ಒಂದೇ. ಅವರಿಗೆ ಗೊತ್ತಿರದೇ ಇರುತ್ತದೆಯೇ, ದಿನ ಎಂದರೇನೆಂದು ನನಗೆ ಹೇಳಿಕೊಟ್ಟವರೇ ಅವರಲ್ಲವೇ ಎಂದು ಆ ಚುಚ್ಚಿದ್ದನ್ನು ನಾನೇ ಒರೆಸಿ ಹಾಕಿದೆ. ಅಷ್ಟರಲ್ಲಿ ಅವರ ಬಸ್ಸಿನ ಹೊತ್ತಾಗಿತ್ತು.

ಬುಧವಾರ ಮಧ್ಯಾಹ್ನ ಎರಡಕ್ಕೆ ಅವರಿಗೆ ಫೋನು ಹಚ್ಚಿದೆ. ಪ್ರಯಾಣದ ದಿನ ಒಂದು ಸಲ ವಿಚಾರಿಸಿಕೊಳ್ಳುವುದು ನನ್ನ ಕ್ರಮ. ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದಿತು. ದಾರಿಯಲ್ಲಿರಬೇಕು ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಅವರು ಮನೆಯಲ್ಲೇ ಇದ್ದರು, ಹಿಂದಿನ ದಿನದ ಗಾಳಿಗೆ ಟವರ್ ಹೋಗಿತ್ತು, ಅಷ್ಟೇ. ಬೋರ್ಡಿಂಗ್ ಪಾಸನ್ನು ನಾನೇ ತೆಗೆದು ಅವರ ವಾಟ್ಸಾಪಿಗೆ ಕಳಿಸಿದೆ. ಟಿಕ್ ಒಂದೇ ಬಂದದ್ದನ್ನು ನೋಡಿಯೂ ಸುಮ್ಮನಿದ್ದೆ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿ ತೆರೆದು, ವಿಮಾನ ಎಲ್ಲಿದೆಯೆಂದು ತೋರಿಸುವ ಆ್ಯಪ್ ತೆಗೆದೆ. ಸಿಂಗಾಪುರ ಬಿಟ್ಟು ಎರಡು ಗಂಟೆಯ ಹತ್ತಿರವಾಗಿತ್ತು. ಪುಟ್ಟ ಹಳದಿ ವಿಮಾನ ಜಾವಾ ದ್ವೀಪ ದಾಟಿ ನೀಲಿ ಸಮುದ್ರದ ಮೇಲಿತ್ತು. ಟೀಚರಿಗೆ ಕಿಟಕಿ ಪಕ್ಕದ ಸೀಟೇ ಹಾಕಿಸಿದ್ದೆ. ಹೊರಗೆ ನೋಡುತ್ತಿರಬಹುದು, ಚಹಾ ಕೊಟ್ಟಿರಬಹುದು ಎಂದೆಲ್ಲ ಯೋಚಿಸುತ್ತಿದ್ದೆ.

ಆಗ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ವಾರಿಜಾ ಟೀಚರ್ ಎಂದಿತ್ತು.

‘ಗಿರಿಜಾ, ಗಾಡಿ ಬಂತು ಕಣೇ. ಹೊರಟೆ. ಎಂತಾದ್ರೂ ಮರ್ತಿದೀನಾ ಅಂತ ಒಂದ್ಸಲ ಕೇಳಣ ಅಂತ ಮಾಡ್ದೆ.’

‘ಎಲ್ಲಿದೀರಿ ಟೀಚರ್?’

‘ಅರಳಸುರಳಿಲಿ. ಇನ್ನೆಲ್ಲಿ? ಇವತ್ತು ರಾತ್ರಿ ಅಲ್ವಾ?’

ಕಂಪ್ಯೂಟರಿನಲ್ಲಿ ಆ ಹಳದಿ ವಿಮಾನ ಸಮುದ್ರದ ಮೇಲೆ ಹೋಗುತ್ತಲೇ ಇತ್ತು, ಅದರಲ್ಲಿ ಕಿಟಕಿ ಪಕ್ಕದ ಒಂದು ಸೀಟು ಖಾಲಿ. ಹೇಗೆ ಹೇಳಿದೆನೋ ಗೊತ್ತಿಲ್ಲ, ಹೇಳಿದೆ. ಆ ಕಡೆಯಿಂದ ಗಾಡಿಯ ಇಂಜಿನ್ನಿನ ಸದ್ದು ಕೇಳುತ್ತಿತ್ತು.

‘ಹೋಗಾಯ್ತಾ?’ ಎಂದು ಕೇಳಿದರು.

‘ಹೋಗಾಯ್ತು ಟೀಚರ್.’

‘ಬೇರೆ ಇದ್ಯಾ?’

‘ಇವತ್ತು ರಾತ್ರಿದು ಹೇಗಾದ್ರೂ ಮಾಡಿಸ್ತೀನಿ. ನೀವು ಹೊರಡಿ. ನಿಲ್ಲಬೇಡಿ.’

ಟಿಕೆಟ್ ಇದ್ದೂ ಪ್ರಯಾಣಿಕ ಬಾರದಿದ್ದರೆ ನಮ್ಮಲ್ಲಿ ‘ನೋ-ಶೋ’ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಟೀಚರ ಹೆಸರಿನ ಮುಂದೆ ಆ ಎರಡು ಪದ ಕೂತಿದ್ದವು. ಮೂರು ಗಂಟೆ ಫೋನಿಗೆ ಅಂಟಿಕೊಂಡು, ಬೇಡಿ, ಜಗಳವಾಡಿ, ಮರುದಿನದ ಅದೇ ವಿಮಾನದಲ್ಲಿ ಒಂದು ಸೀಟು ಹಿಡಿದೆ. ಶುಕ್ರವಾರ 00:25. ಅದು ಟೀಚರ್ ಅಂದುಕೊಂಡಿದ್ದ ಗುರುವಾರ ರಾತ್ರಿ ಹನ್ನೆರಡೂ ಇಪ್ಪತ್ತೈದೇ.

ಅಲ್ಲಿ ಸುಬ್ಬುವಿಗೆ ಬೆಳಗಿನಿಂದ ಎಚ್ಚರವಿತ್ತಂತೆ. ಅಕ್ಕ ಸಂಜೆ ಏಳಕ್ಕೆ ಇಳಿಯುತ್ತಾರೆ ಎಂದು ಎಲ್ಲರೂ ಅವನಿಗೆ ಹೇಳಿಬಿಟ್ಟಿದ್ದರು. ಅವನು ಗಡ್ಡ ತೆಗೆಸಿಕೊಂಡಿದ್ದ, ಅಕ್ಕನಿಗೆ ಗಡ್ಡ ಕಂಡರಾಗದು ಎಂದು. ಅಕ್ಕ ನಾಳೆ ಬರುತ್ತಾರೆ ಎಂದು ರಾಘವ ತಿಳಿಸಿದಾಗ ಅವನು, ‘ಇವತ್ತು ಅಂದಿದ್ರಲ್ಲ’ ಎಂದನಂತೆ. ಇದನ್ನು ರಾಘವ ನನಗೆ ಧ್ವನಿ ಸಂದೇಶದಲ್ಲಿ ಹೇಳಿದರು. ಆ ಸಂದೇಶವನ್ನು ನಾನು ಇನ್ನೂ ಅಳಿಸಿಲ್ಲ, ಮತ್ತೊಮ್ಮೆ ಕೇಳಿಯೂ ಇಲ್ಲ.

ಶುಕ್ರವಾರ ಬೆಳಿಗ್ಗೆ ಏಳೂವರೆಗೆ ರಾಘವರ ಫೋನು ಬಂತು. ಸುಬ್ಬು ಹೋಗಿಬಿಟ್ಟ. ಅಲ್ಲಿಯ ಗಡಿಯಾರದಲ್ಲಿ ಬೆಳಿಗ್ಗೆ ಹನ್ನೊಂದೂ ಐವತ್ತು, ನಮ್ಮಲ್ಲಿ ಏಳೂ ಇಪ್ಪತ್ತು. ಟೀಚರ ವಿಮಾನ ಸಿಂಗಾಪುರ ಬಿಟ್ಟದ್ದು ನಮ್ಮ ಏಳೂ ಹತ್ತಕ್ಕೆ. ಅವನು ಹೋಗುವುದಕ್ಕೆ ಕೇವಲ ಹತ್ತು ನಿಮಿಷ ಮೊದಲು.

ಇನ್ನು ಅದು ಇಳಿಯುವುದು ಮಧ್ಯಾಹ್ನ ಎರಡೂ ನಲವತ್ತಕ್ಕೆ. ಅಲ್ಲಿಯತನಕ ಅವರಿಗೆ ಹೇಳುವ ದಾರಿಯಿಲ್ಲ. ಏಳು ಗಂಟೆ ಹತ್ತು ನಿಮಿಷ, ತಮ್ಮ ಇಲ್ಲವೆಂದು ನನಗೆ ಗೊತ್ತಿತ್ತು, ಅವನ ಅಕ್ಕನಿಗೆ ಗೊತ್ತಿರಲಿಲ್ಲ. ಅವನನ್ನು ನೋಡಲೆಂದೇ ಅವರು ಗಂಟೆಗೆ ಎಂಟುನೂರು ಚಿಲ್ಲರೆ ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರು. ಎಷ್ಟು ಸಾವಿರ ಜನರ ಪ್ರಯಾಣದ ಗಂಟೆ ಎಣಿಸಿದವಳು ನಾನು! ಆ ಏಳು ಗಂಟೆ ಎಷ್ಟು ಉದ್ದ ಎಂಬುದು ಆವತ್ತೇ ಗೊತ್ತಾದದ್ದು. ಅಂಗಡಿಗೆ ಬಂದವರಿಗೆ ಆಮೇಲೆ ಬನ್ನಿ ಎಂದೆ. ಊಟದ ಡಬ್ಬಿ ತೆರೆಯಲಿಲ್ಲ. ಆ ಹಳದಿ ವಿಮಾನವನ್ನು ನೋಡುತ್ತ, ಇನ್ನಷ್ಟು ನಿಧಾನ ಹೋಗಲಿ, ಇಳಿಯದೇ ಇರಲಿ ಎಂದೂ ಒಂದು ಗಳಿಗೆ ಬೇಡಿಕೊಂಡೆ.

ರಾಘವ ಏರ್‌ಪೋರ್ಟಿಗೆ ಹೋಗಿದ್ದರು. ಅವರ ಮುಖ ನೋಡಿಯೇ ಟೀಚರಿಗೆ ತಿಳಿಯಿತಂತೆ. ಅಳಲಿಲ್ಲ. ‘ಎಷ್ಟು ಹೊತ್ತಿಗೆ?’ ಎಂದು ಕೇಳಿದರು. ರಾಘವ ಹೇಳಿದಾಗ ಕೈಯ ವಾಚು ನೋಡಿಕೊಂಡರು. ಅದನ್ನು ಅವರು ಊರಿನ ಹೊತ್ತಿಗೇ ಬಿಟ್ಟಿದ್ದರು. ‘ಇಲ್ಲಿಯ ಹನ್ನೊಂದೂ ಐವತ್ತೋ, ನಮ್ಮ ಕಡೆದೋ?’ ಎಂದಷ್ಟೇ ಕೇಳಿ ವೀಲ್‌ಚೇರಿನಲ್ಲಿ ಕೂತರಂತೆ.

ಸರಿಯಾದ ದಿನ ಹೋಗಿದ್ದರೆ ಗುರುವಾರ ಸಂಜೆ 7:10ರಿಂದ ಶುಕ್ರವಾರ 11:50ರತನಕ ಹದಿನಾರು ಗಂಟೆ ನಲವತ್ತು ನಿಮಿಷ. ಏರ್‌ಪೋರ್ಟಿನಿಂದ ಆಸ್ಪತ್ರೆಗೆ ಎರಡು ಗಂಟೆ ಕಳೆಯಿರಿ. ಹದಿನಾಲ್ಕು ಗಂಟೆ ನಲವತ್ತು ನಿಮಿಷ ಅಕ್ಕ ತಮ್ಮ ಜೊತೆಗಿರುತ್ತಿದ್ದರು. ನನ್ನ ಒಂದು ‘ಹೌದು’ ತಿಂದದ್ದು ಅಷ್ಟನ್ನು. ಈ ಲೆಕ್ಕವನ್ನು ನಾನು ಎಷ್ಟು ಸಲ ಮಾಡಿದ್ದೇನೋ. ಪ್ರತಿ ಸಲವೂ ಅಷ್ಟೇ ಬರುತ್ತದೆ.

ಆ ವಾರದಿಂದ ನನ್ನ ಕೌಂಟರಿನಲ್ಲಿ ಒಂದು ಕಟ್ಟುನಿಟ್ಟು ಬಂತು. ಜಡ್ಜ್ ಬರಲಿ, ಪ್ರೊಫೆಸರ್ ಬರಲಿ, ಸ್ವಂತ ಅತ್ತೆಯೇ ಬರಲಿ, ಚೀಟಿ ಇಲ್ಲದೆ ಟಿಕೆಟ್ ಇಲ್ಲ. ಮನೆ ಬಿಡುವ ದಿನ ಯಾವುದೆಂದು ಅವರ ಬಾಯಲ್ಲೇ ಹೇಳಿಸಬೇಕು, ತಪ್ಪಿದರೆ ಮುಖಕ್ಕೆ ಹೊಡೆದಂತೆ ತಿದ್ದಬೇಕು. ಕೆಲವರಿಗೆ ಸಿಟ್ಟು ಬಂತು. ‘ನಿಮಗೆ ಭಾರಿ ಅಹಂಕಾರ ಮಾರಾಯ್ರೇ’ ಎಂದವರೂ ಇದ್ದಾರೆ. ಅನ್ನಲಿ. ಗೊತ್ತಿರುವುದನ್ನು ಗೊತ್ತಿರುವ ಹೊತ್ತಿಗೆ, ಯಾರ ಎದುರಾದರೂ ಸರಿ, ಹೇಳದಿದ್ದರೆ ಅದು ವಿನಯವಲ್ಲ. ಇಪ್ಪತ್ತೆಂಟು ವರ್ಷದ ಕಸುಬು ನನಗೆ ಕಲಿಸಿದ್ದು ಇಷ್ಟೇ, ಅದೂ ಕೆಟ್ಟ ಮೇಲೆ.

ಟೀಚರ್ ಅಸ್ಥಿ ತಂದು, ಕಾರ್ಯ ಎಲ್ಲ ಮುಗಿಸಿ, ಸುಮಾರು ಎರಡು ತಿಂಗಳ ಮೇಲೆ ಅಂಗಡಿಗೆ ಬಂದರು. ಸೊರಗಿದ್ದರು. ಚೀಲದಿಂದ ಒಂದು ನೋಟ್‌ಬುಕ್ ತೆಗೆದು ಕೌಂಟರಿನ ಮೇಲಿಟ್ಟರು.

‘ವರ್ಷಾಂತಿಕಕ್ಕೆ ತಿಥಿ ಗೊತ್ತು ಮಾಡೋಕೆ ಭಟ್ರು ಇಲ್ಲಿಯ ಹೊತ್ತು ಕೇಳಿದಾರೆ ಕಣೇ. ನಾನು ಲೆಕ್ಕ ಮಾಡಿದೀನಿ, ಆದ್ರೆ ನಂಗೀಗ ನನ್ನ ಲೆಕ್ಕದ ಮೇಲೆ ನಂಬಿಕೆ ಇಲ್ಲ. ಅಲ್ಲಿ ಹನ್ನೊಂದೂ ಐವತ್ತು ಅಂದ್ರೆ ಇಲ್ಲಿ ಎಷ್ಟು?’

‘ಬೆಳಿಗ್ಗೆ ಏಳೂ ಇಪ್ಪತ್ತು, ಟೀಚರ್.’

‘ಸೂರ್ಯ ಹುಟ್ಟಾಗಿತ್ತು ಹಾಗಾದ್ರೆ.’

‘ಹುಟ್ಟಾಗಿತ್ತು.’

ಅವರು ಬರೆದುಕೊಂಡರು. ಆಮೇಲೆ ಪೆನ್ನು ಮುಚ್ಚುತ್ತ, ‘ಊರ ಮಕ್ಕಳಿಗೆಲ್ಲ ಗಡಿಯಾರ ಕಲಿಸಿದೆ. ನಂಗೇ ಒಂದು ದಿನ ತಪ್ಪೋಯ್ತು’ ಎಂದರು.

ಇನ್ನು ತಡೆಯಲಾಗಲಿಲ್ಲ. ‘ನಿಮಗೆ ತಪ್ಪಿದ್ದಲ್ಲ ಟೀಚರ್. ನೀವು ಗುರುವಾರ ರಾತ್ರಿ ಅಂದಿದ್ದು ನಂಗೆ ಕೇಳ್ಸಿತ್ತು. ಅದು ತಪ್ಪು ಅಂತ ಗೊತ್ತಾಗಿತ್ತು. ಆದ್ರೂ ಹೌದು ಅಂದೆ’ ಎಂದು ಹೇಳಿಬಿಟ್ಟೆ.

ಟೀಚರ್ ನನ್ನನ್ನೇ ನೋಡಿದರು. ಬಯ್ಯುತ್ತಾರೆ, ಬಯ್ದರೆ ಸಾಕು ಎಂದು ಕಾದೆ.

‘ನೀನು ಮೂರನೇ ಕ್ಲಾಸಲ್ಲೂ ಹಾಗೇ’ ಎಂದರು. ‘ಸರಿಯಿದ್ರೂ ಹೌದು ಟೀಚರ್, ತಪ್ಪಿದ್ರೂ ಹೌದು ಟೀಚರ್. ಕೇಳೋಕೆ ಚೆಂದ ಇತ್ತು, ನಾನೂ ಸುಮ್ನಿದ್ದೆ. ಅಲ್ಲ ಅನ್ನೋದನ್ನ ಕಲಿಸ್ಲೇ ಇಲ್ಲ ನೋಡು.’

ಅವರು ನೋಟ್‌ಬುಕ್ಕಿನ ಒಳಗಿಂದ ಮಡಚಿದ ಕಾಗದವೊಂದನ್ನು ತೆಗೆದು ಬಿಡಿಸಿದರು. ಆ ಮೊದಲನೆಯ ಟಿಕೆಟ್. ಕನ್ನಡಕ ಏರಿಸಿಕೊಂಡು, ಬೆರಳಿಟ್ಟು, ಅವತ್ತಿನ ಹಾಗೆಯೇ ಓದಿದರು.

‘ಗುರುವಾರ ರಾತ್ರಿ ಹನ್ನೆರಡೂ ಇಪ್ಪತ್ತೈದು.’

ಓದಿ, ತಲೆಯೆತ್ತಿ, ಕನ್ನಡಕದ ಮೇಲಿಂದ ನೋಡುತ್ತ ಕಾದರು. ಐವತ್ತೈದು ವರ್ಷದ ನಾನು ಕುರ್ಚಿಯಿಂದ ಎದ್ದು ನಿಂತೆ.

‘ಅಲ್ಲ ಟೀಚರ್. ಬುಧವಾರ ರಾತ್ರಿ.’

‘ಹ್ಞೂಂ,’ ಎಂದರು ಟೀಚರ್. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ‘ಸರಿ. ಕೂತ್ಕೋ.’